ಅಡಾಲ್ಫ್ ಲೋಸ್ ಕಟ್ಟಡಗಳು: ಸಮಯ ಕಡಿಮೆ ಇದ್ದರೆ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು

ಮೊದಲ ಸಲ ವಿಯೆನ್ನಾಕ್ಕೆ ಹೋದಾಗ ನನಗೆ ಇದ್ದದ್ದು ಎರಡೇ ದಿನ. ಜೇಬಿನಲ್ಲಿ ಅಡಾಲ್ಫ್ ಲೋಸ್ ಅನ್ನುವ ಆರ್ಕಿಟೆಕ್ಟ್ ಕಟ್ಟಿದ ಮನೆಗಳ ವಿಳಾಸ ಬರೆದುಕೊಂಡ ಒಂದು ಹಾಳೆ ಇತ್ತು. ಅದನ್ನು ಹಿಡಿದು ಒಂದಿಡೀ ದಿನ ಹೀಟ್ಸಿಂಗ್ ಅನ್ನೋ ಬಡಾವಣೆಯ ಬೀದಿಗಳಲ್ಲಿ ನಡೆದೆ. ಸಂಜೆ ಲೆಕ್ಕ ಹಾಕಿದರೆ ನಾನು ನೋಡಿದ್ದು ಆರು ಗೇಟು, ಆರು ಬೇಲಿ, ಬೇಲಿಯ ಮೇಲಿಂದ ಇಣುಕುವ ಬಿಳಿ ಗೋಡೆ. ಎಲ್ಲವೂ ಜನ ವಾಸ ಇರುವ ಮನೆಗಳು. ಗುರುತಿಲ್ಲದವರನ್ನು ಒಳಗೆ ಯಾರು ಬಿಡುತ್ತಾರೆ?

ಆ ರಾತ್ರಿ ಊರ ನಡುವಿನ ಒಂದು ಪುಟ್ಟ ಬಾರಿನೊಳಗೆ ಹೋಗಿ ಕೂತೆ. ಅದೂ ಲೋಸ್ ಮಾಡಿದ್ದೇ. ಕೂತದ್ದು ಅರ್ಧ ಗಂಟೆ ಅಷ್ಟೆ, ಆದರೆ ಹಗಲೆಲ್ಲಾ ಸುತ್ತಿದರೂ ಅರ್ಥವಾಗದ್ದು ಅಲ್ಲಿ ಅರ್ಥವಾಯಿತು. ಈ ಮನುಷ್ಯ ಕಟ್ಟಡದ ಹೊರಮೈಯನ್ನು ಬೇಕೆಂದೇ ಮೌನವಾಗಿ ಇಟ್ಟಿದ್ದಾನೆ. ಮನೆ ಬೀದಿಗೆ ಏನೂ ಹೇಳಬಾರದು, ಅದರ ಸಿರಿಯೆಲ್ಲ ಒಳಗಿರಬೇಕು ಅನ್ನುವುದು ಆತನೇ ಬರೆದಿಟ್ಟ ಮಾತು. ಅಂಥವನ ಮನೆಯನ್ನು ಬೀದಿಯಲ್ಲಿ ನಿಂತು ನೋಡಿ ಬರುವುದು ಅಂದರೆ ಊಟದ ಮನೆಯ ಬಾಗಿಲ ತನಕ ಹೋಗಿ ಎಲೆ ಮುಂದೆ ಕೂರದೆ ವಾಪಸ್ ಬಂದ ಹಾಗೆ.

ಆಮೇಲೆ ಇನ್ನೆರಡು ಸಲ ಆ ಕಡೆ ಹೋಗಿಬಂದೆ, ಚೆಕ್ ದೇಶದ ಪ್ರಾಗ್ ಮತ್ತು ಪಿಲ್ಸನ್ ಸೇರಿಸಿಕೊಂಡು. ಈಗ ಗೆಳೆಯರು ಯಾರಾದರೂ ವಿಯೆನ್ನಾಕ್ಕೆ ಹೊರಟರೆ ನನ್ನನ್ನೇ ಕೇಳುತ್ತಾರೆ, ಲೋಸ್‌ದು ಯಾವುದನ್ನು ನೋಡಲಿ ಅಂತ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಳತೆಗೋಲು ಒಂದೇ. ಒಳಗೆ ಹೋಗಲು ಆಗುತ್ತಾ? ಕೂರಲು ಆಗುತ್ತಾ?

ಯಾರು ಈ ಲೋಸ್

ಹೆಸರೇ ಕೇಳದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಹುಟ್ಟಿದ್ದು 1870ರ ಡಿಸೆಂಬರ್ 10ರಂದು, ಬ್ರನೋ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗೇರಿ, ಈಗ ಚೆಕ್ ದೇಶ. ಅಪ್ಪ ಕಲ್ಲು ಕೆತ್ತುವ ಕಸುಬಿನವರು. ಹುಡುಗನಿಗೆ ಒಂಬತ್ತು ವರ್ಷ ಇರುವಾಗಲೇ ತೀರಿಕೊಂಡರು. ಕಿವಿ ಸಣ್ಣವನಿದ್ದಾಗಿನಿಂದಲೇ ಸರಿಯಾಗಿ ಕೇಳಿಸುತ್ತಿರಲಿಲ್ಲ, ಕೊನೆಗಾಲಕ್ಕೆ ಬಹುಮಟ್ಟಿಗೆ ಕಿವುಡನೇ ಆದ. ಡ್ರೆಸ್ಡನ್‌ನಲ್ಲಿ ಓದಲು ಸೇರಿದ, ಪದವಿ ಮುಗಿಸಲಿಲ್ಲ. 1893ರಲ್ಲಿ ಅಮೆರಿಕಕ್ಕೆ ಹೋಗಿ ಮೂರು ವರ್ಷ ಅಲ್ಲೇ ಇದ್ದ. ಷಿಕಾಗೋದ ದೊಡ್ಡ ಪ್ರದರ್ಶನ ನೋಡಿದ, ಹೊಟ್ಟೆಪಾಡಿಗೆ ಪಾತ್ರೆ ತೊಳೆಯುವಂಥ ಕೆಲಸಗಳನ್ನೂ ಮಾಡಿದ. 1896ರಲ್ಲಿ ವಿಯೆನ್ನಾಕ್ಕೆ ಬಂದ ಮೇಲೆ ಮೊದಲು ಹೆಸರು ಮಾಡಿದ್ದು ಕಟ್ಟಡದಿಂದಲ್ಲ, ಪತ್ರಿಕೆಗೆ ಬರೆದ ಖಾರವಾದ ಲೇಖನಗಳಿಂದ.

ಆಗ ವಿಯೆನ್ನಾದಲ್ಲಿ ಬಳ್ಳಿ, ಹೂವು, ಚಿನ್ನದ ಎಲೆಗಳ ಕಾಲ. ಕಟ್ಟಡದಿಂದ ಹಿಡಿದು ಚಮಚದ ತನಕ ಎಲ್ಲದಕ್ಕೂ ಅಲಂಕಾರ ಬೇಕಿತ್ತು. ಲೋಸ್ ಅದಕ್ಕೆ ನೇರವಾಗಿ ಎದುರು ನಿಂತ. ಅಲಂಕಾರ ಅಂದರೆ ಕೆಲಸಗಾರನ ದುಡಿಮೆ ದಂಡ, ಒಳ್ಳೆಯ ಸಾಮಗ್ರಿಯೂ ದಂಡ, ಫ್ಯಾಷನ್ ಹೋದ ಕೂಡಲೇ ಇಡೀ ವಸ್ತುವೇ ದಂಡ ಅನ್ನುವುದು ಆತನ ವಾದ. 'ಅಲಂಕಾರ ಮತ್ತು ಅಪರಾಧ' ಅನ್ನುವ ಆ ಪ್ರಸಿದ್ಧ ಉಪನ್ಯಾಸದಲ್ಲಿ ಪಪುವಾದ ಜನರ ಹಚ್ಚೆಯನ್ನು ಹೀಗಳೆಯುವ ಮಾತುಗಳಿವೆ. ಯೂರೋಪಿನವನು ಮುಂದೆ, ಉಳಿದವರು ಹಿಂದೆ ಅನ್ನುವ ಆ ಧೋರಣೆ ಓದುವಾಗ ಚುಚ್ಚುತ್ತದೆ. ಬೇಲೂರಿನ ಕೆತ್ತನೆ ನೋಡುತ್ತಾ ಬೆಳೆದ ನನಗೆ ಆ ವಾದ ಪೂರ್ತಿ ಒಪ್ಪಿಗೆಯೂ ಇಲ್ಲ. ಆದರೆ ಆತನ ಕಟ್ಟಡಗಳ ಒಳಗೆ ಹೋದರೆ ಅಲ್ಲಿ ಬರಡುತನ ಇಲ್ಲವೇ ಇಲ್ಲ. ಅಮೃತಶಿಲೆಯ ಗೆರೆಗಳು, ಮಹಾಗನಿ ಮರದ ನುಣುಪು, ಹಿತ್ತಾಳೆಯ ಹೊಳಪು ಎಲ್ಲಾ ಇದೆ. ಕಲ್ಲಿನೊಳಗೆ ತಾನಾಗಿ ಮೂಡಿರುವ ಚಿತ್ತಾರದ ಮೇಲೆ ಮನುಷ್ಯ ಮತ್ತೆ ಗೀಚಬೇಕಾಗಿಲ್ಲ ಅಂತ ಆತ ನಂಬಿದ್ದ.

ಒಂದೇ ಸಂಜೆ ಇದ್ದರೆ: ಚೌಕದ ದೊಡ್ಡ ಕಟ್ಟಡವಾ, ಗಲ್ಲಿಯ ಬಾರಾ?

ವಿಯೆನ್ನಾದ ಹಳೇ ಊರಿನಲ್ಲಿ ಇವೆರಡೂ ನಡೆದುಹೋಗುವಷ್ಟು ಹತ್ತಿರ ಇವೆ. ಎರಡನ್ನೂ ನೋಡಿ ಅನ್ನುವುದು ಸುಲಭ. ಆದರೆ ದಣಿದಿದ್ದೀರಿ, ಜೊತೆಯಲ್ಲಿ ಮನೆಯವರು ಇದ್ದಾರೆ, ಒಂದು ಗಂಟೆ ಮಾತ್ರ ಇದೆ ಅನ್ನುವಾಗ ಆರಿಸಲೇಬೇಕು.

ಮಿಖಾಯೆಲರ್‌ಪ್ಲಾಟ್ಸ್ ಚೌಕದ ಕಟ್ಟಡವನ್ನು ಎಲ್ಲರೂ ಲೋಸ್‌ಹೌಸ್ ಅಂತಲೇ ಕರೆಯುತ್ತಾರೆ. ಕಟ್ಟಿದ್ದು 1909ರಿಂದ 1911ರ ನಡುವೆ, ಗೋಲ್ಡ್‌ಮನ್ ಮತ್ತು ಸಲಾಚ್ ಅನ್ನುವ ದರ್ಜಿ ಅಂಗಡಿಗಾಗಿ. ಎದುರಿಗೇ ಚಕ್ರವರ್ತಿಯ ಅರಮನೆ ಹೋಫ್‌ಬುರ್ಗ್‌ನ ಹೆಬ್ಬಾಗಿಲು, ಗುಮ್ಮಟ ಮತ್ತು ಶಿಲ್ಪಗಳ ಜಾತ್ರೆ. ಅದರ ಮುಂದೆ ಲೋಸ್ ಕೆಳಗಿನ ಮಹಡಿಗಳಿಗೆ ಗ್ರೀಸಿನಿಂದ ತರಿಸಿದ ಹಸಿರು ಗೆರೆಯ ಚಿಪೊಲ್ಲಿನೊ ಅಮೃತಶಿಲೆ ಹೊದಿಸಿದ, ಮೇಲಿನ ಮಹಡಿಗಳಿಗೆ ಬರೀ ಬಿಳಿ ಗಾರೆ. ಕಿಟಕಿಗಳ ಸುತ್ತ ಚೌಕಟ್ಟಿಲ್ಲ, ಮೇಲೆ ಕಮಾನಿಲ್ಲ. ಹುಬ್ಬಿಲ್ಲದ ಮನೆ ಅಂತ ಊರವರು ಹೆಸರಿಟ್ಟರು. 1910ರಲ್ಲಿ ನಗರಾಡಳಿತ ಕೆಲಸವನ್ನೇ ನಿಲ್ಲಿಸಿತು. 1911ರ ಡಿಸೆಂಬರ್‌ನಲ್ಲಿ ಲೋಸ್ ಸೋಫಿಯೆನ್‌ಸಾಲ್ ಸಭಾಂಗಣದಲ್ಲಿ ತನ್ನ ಕಟ್ಟಡದ ಪರವಾಗಿ ಮಾತಾಡಿದಾಗ ಕೇಳಲು ಬಂದವರು 2000ಕ್ಕೂ ಜಾಸ್ತಿ. ಒಂದು ಕಟ್ಟಡದ ಕಿಟಕಿಗಾಗಿ ಅಷ್ಟು ಜನ! ಕೊನೆಗೆ ಕೆಲವು ಕಿಟಕಿಗಳಿಗೆ ಕಂಚಿನ ಹೂವಿನ ತೊಟ್ಟಿ ಕೂರಿಸಿದ ಮೇಲೆ ಗಲಾಟೆ ತಣ್ಣಗಾಯಿತು. ಆ ತೊಟ್ಟಿಗಳು ಇವತ್ತಿಗೂ ಇವೆ. ಅವುಗಳಿಂದಾಗಿ ಕಟ್ಟಡ ಚೆಂದ ಕಾಣುತ್ತದೆ ಅಂತ ಎಷ್ಟೋ ಜನ ಫೋಟೋ ತೆಗೆಯುತ್ತಾರೆ. ಅವು ರಾಜಿಗಾಗಿ ಬಂದ ತೊಟ್ಟಿಗಳು ಅಂತ ಗೊತ್ತಿದ್ದರೆ ನೋಟವೇ ಬದಲಾಗುತ್ತದೆ.

ಒಳಗೆ ಈಗ ಬ್ಯಾಂಕ್. ಬ್ಯಾಂಕ್ ತೆರೆದಿರುವ ಹೊತ್ತಿನಲ್ಲಿ ಕೆಳಗಿನ ಹಜಾರದ ತನಕ ಹೋಗಬಹುದು, ಮಹಾಗನಿ ಮರದ ಮೆಟ್ಟಿಲು, ಕನ್ನಡಿ, ಹಿತ್ತಾಳೆ ಕೆಲಸ ನೋಡಬಹುದು. ಮೇಲೆ ದರ್ಜಿಗಳ ಕೆಲಸದ ಕೋಣೆಗಳಿದ್ದವು. ಕೂತು ಹೊಲಿಯುವವರಿಗೆ ತಗ್ಗಿನ ಚಾವಣಿ, ಇಸ್ತ್ರಿಯ ಹಬೆ ಏಳುವ ಕಡೆ ಎತ್ತರದ ಚಾವಣಿ. ಈ ಲೆಕ್ಕಾಚಾರ ನೆನಪಿಟ್ಟುಕೊಳ್ಳಿ, ಮುಂದೆ ಮನೆಗಳ ವಿಷಯ ಬರುವಾಗ ಬೇಕಾಗುತ್ತದೆ.

ಬಾರ್ ಇರುವುದು ಕೆರ್ಂಟ್ನರ್ ಬೀದಿಗೆ ತಾಗಿದ ಸಣ್ಣ ಗಲ್ಲಿಯಲ್ಲಿ. 1908ರದ್ದು. ಅಮೆರಿಕನ್ ಬಾರ್ ಅಂತ ಹೆಸರು, ಬಾಗಿಲ ಮೇಲೆ ಬಣ್ಣದ ಗಾಜಿನಲ್ಲಿ ಅಮೆರಿಕದ ಬಾವುಟ. ಒಳಗಿನ ಜಾಗ ಸುಮಾರು 27 ಚದರ ಮೀಟರ್. ನಮ್ಮ ಒಂದು ನಡುಮನೆಯಷ್ಟೇ. ಆದರೆ ಒಳಗೆ ಕಾಲಿಟ್ಟರೆ ಅಷ್ಟು ಚಿಕ್ಕದು ಅನ್ನಿಸುವುದೇ ಇಲ್ಲ. ಯಾಕೆ ಅಂತ ಕೂತು ನೋಡಿದೆ. ಗೋಡೆಗೆ ತಲೆ ಮಟ್ಟದ ತನಕ ಮಹಾಗನಿ ಹಲಗೆ, ಅದರಿಂದ ಮೇಲಕ್ಕೆ ಕನ್ನಡಿ. ಕನ್ನಡಿ ಮೇಲಿರುವುದರಿಂದ ನಿಮ್ಮ ಮುಖ ಅದರಲ್ಲಿ ಕಾಣಲ್ಲ. ಅಮೃತಶಿಲೆಯ ಚೌಕ ಚೌಕದ ಚಾವಣಿ ಮಾತ್ರ ಕಾಣುತ್ತದೆ, ಒಂದರ ಹಿಂದೆ ಒಂದು, ಎಲ್ಲಿಯೂ ಮುಗಿಯದ ಹಾಗೆ. ಪಕ್ಕದಲ್ಲಿ ಇನ್ನೊಂದು ದೊಡ್ಡ ಹಜಾರ ಇದೆ, ನಾವು ಅದರ ಒಂದು ಮೂಲೆಯಲ್ಲಿ ಕೂತಿದ್ದೇವೆ ಅನ್ನಿಸುತ್ತದೆ. ಕನ್ನಡಿ ಎರಡು ಅಡಿ ಕೆಳಗೆ ಇದ್ದಿದ್ದರೆ ಈ ಮಾಯೆ ಆಗುತ್ತಲೇ ಇರಲಿಲ್ಲ.

ನನ್ನ ಆಯ್ಕೆ ಬಾರ್. ಇತಿಹಾಸದ ಲೆಕ್ಕದಲ್ಲಿ ಚೌಕದ ಕಟ್ಟಡವೇ ದೊಡ್ಡದು, ಅದರಲ್ಲಿ ಸಂಶಯ ಇಲ್ಲ. ಆದರೆ ಲೋಸ್ ಏನು ಮಾಡುತ್ತಿದ್ದ ಅಂತ ಮೈಗೆ ಗೊತ್ತಾಗುವುದು ಬಾರಿನಲ್ಲಿ. ಕುಡಿಯದವರು ಹಿಂಜರಿಯಬೇಕಿಲ್ಲ, ಒಂದು ಜ್ಯೂಸ್ ತಗೊಂಡು ಕೂರಬಹುದು. 2019ರ ನವೆಂಬರ್‌ನಿಂದ ಆಸ್ಟ್ರಿಯಾದ ಬಾರು, ಹೋಟೆಲುಗಳ ಒಳಗೆ ಸಿಗರೇಟು ಸೇದುವ ಹಾಗಿಲ್ಲ, ಹಾಗಾಗಿ ಹೊಗೆಯ ಕಾಟವೂ ಇಲ್ಲ. ಹಗಲು ಹೊತ್ತು ಹೋದರೆ ಜಾಗ ಸಿಗುತ್ತದೆ, ರಾತ್ರಿ ಹತ್ತರ ಮೇಲೆ ನಿಲ್ಲಲೂ ಕಷ್ಟ. ಒಳಗೆ ಕ್ಯಾಮೆರಾ ಹೊರಗೆ ತೆಗೆಯಬೇಡಿ, ಅವರಿಗೆ ಇಷ್ಟ ಆಗಲ್ಲ. ಸುಮ್ನೆ ಕೂತು ನೋಡಿ.

ಹೀಟ್ಸಿಂಗ್ ಮನೆಗಳು: ಹೋಗಲೇಬೇಕು ಅಂದರೆ ಒಂದೇ ಒಂದು

ಪುಸ್ತಕಗಳಲ್ಲಿ ಜಾಸ್ತಿ ಕಾಣುವುದು ಶ್ಟೈನರ್ ಮನೆಯ ಫೋಟೋ. 1910ರದ್ದು. ಬಿಳಿ ಗೋಡೆ, ಎರಡು ಬದಿಗೆ ಸಮಾನ ಭಾಗಗಳು, ಮೂರು ಮಹಡಿ, ಸಪಾಟು ತಲೆ. ಅದನ್ನು ನೋಡಬೇಕು ಅಂತಲೇ ಎಲ್ಲರೂ ಹೋಗುತ್ತಾರೆ. ಆದರೆ ಆ ಫೋಟೋ ತೆಗೆದದ್ದು ಹಿತ್ತಿಲ ಕಡೆಯಿಂದ! ಬೀದಿಯ ಕಡೆ ಒಂದು ಮಹಡಿ ಮತ್ತು ಅಟ್ಟಕ್ಕೆ ಮಾತ್ರ ಅನುಮತಿ ಇತ್ತು. ಅದಕ್ಕೆ ಲೋಸ್ ಬೀದಿಯ ಬದಿಗೆ ತಗಡಿನ ಬಾಗಿದ ಚಾವಣಿ ಇಳಿಸಿ, ಕಾನೂನಿನ ಪ್ರಕಾರ ಅದು ಅಟ್ಟ ಅನ್ನಿಸುವ ಹಾಗೆ ಮಾಡಿ, ಹಿಂದೆ ಪೂರ್ತಿ ಎತ್ತರದ ಮನೆ ಕಟ್ಟಿದ. ಬಹಳ ಜಾಣ ಕೆಲಸ. ಆದರೆ ಬೀದಿಯಲ್ಲಿ ನಿಂತ ನಿಮಗೆ ಕಾಣುವುದು ಆ ಬಾಗಿದ ತಗಡು ಮಾತ್ರ.

ಅದಕ್ಕೆ ಹೋಲಿಸಿದರೆ ಅದೇ ಬಡಾವಣೆಯ ಲಾರೋಷ್ ಬೀದಿಯಲ್ಲಿರುವ ಶೋಯ್ ಮನೆ ವಾಸಿ. 1912-13ರದ್ದು. ಮೂರು ಮಹಡಿ ಮೆಟ್ಟಿಲಿನ ಹಾಗೆ ಹಿಂದೆ ಹಿಂದೆ ಸರಿಯುತ್ತಾ ಹೋಗುತ್ತವೆ, ಕೆಳಗಿನ ಮಹಡಿಯ ತಾರಸಿ ಮೇಲಿನ ಮಲಗುವ ಕೋಣೆಗೆ ಅಂಗಳ ಆಗುತ್ತದೆ. ನಮಗೆ ತಾರಸಿ ಮನೆ ಅಂದರೆ ಏನೂ ವಿಶೇಷ ಇಲ್ಲ, ಸಂಡಿಗೆ ಒಣಗಿಸಿದ್ದೇವೆ, ಬೇಸಿಗೆಯಲ್ಲಿ ಮಲಗಿದ್ದೇವೆ. ಹಿಮ ಬೀಳುವ ಆ ಊರಲ್ಲಿ ಇಳಿಜಾರು ಚಾವಣಿ ಇಲ್ಲದ ಮನೆ ಅಂದರೆ ಆಗ ದೊಡ್ಡ ರಗಳೆ. ಈ ಮನೆಯ ಆಕಾರ ಬೀದಿಯಿಂದಲೇ ಪೂರ್ತಿ ಕಾಣುತ್ತದೆ, ಅದಕ್ಕೇ ಇದನ್ನು ಆರಿಸಿ ಅನ್ನುತ್ತೇನೆ. ಯು4 ಮೆಟ್ರೊದಲ್ಲಿ ಹೋಗಬಹುದು, ಶೋನ್‌ಬ್ರುನ್ ಅರಮನೆ ನೋಡಲು ಹೇಗೂ ಆ ಕಡೆ ಹೋಗುತ್ತೀರಲ್ವಾ, ಅದರ ಜೊತೆ ಮುಗಿಸಿಬಿಡಿ. ಗೇಟಿನ ಮುಂದೆ ಹೆಚ್ಚು ಹೊತ್ತು ನಿಲ್ಲಬೇಡಿ, ಒಳಗಿರುವವರಿಗೆ ಅದು ದಿನಾ ಎದುರಾಗುವ ಕಿರಿಕಿರಿ.

ಇನ್ನು ಮೊಲ್ಲರ್ ಮನೆ, 1928ರದ್ದು, ಊರಿನ ಇನ್ನೊಂದು ತುದಿಯ ಪ್ಯೋಟ್ಸ್‌ಲೈನ್ಸ್‌ಡಾರ್ಫ್‌ನಲ್ಲಿದೆ. ಬಾಗಿಲ ಮೇಲೆ ಮುಂದಕ್ಕೆ ಚಾಚಿದ ಒಂದು ಪೆಟ್ಟಿಗೆಯಂಥ ಭಾಗ ಇದೆ. ಅದು ಒಳಗಿನ ಕೂರುವ ಮೂಲೆ, ಅಲ್ಲಿ ಬೆನ್ನು ಬೀದಿಗೆ, ಮುಖ ಮನೆಯ ಒಳಕ್ಕೆ. ನನಗೆ ನಕ್ಷೆಯಲ್ಲಿ ಬಹಳ ಇಷ್ಟವಾದ ಮನೆ ಇದು. ಆದರೆ ಸಾರ್ವಜನಿಕರಿಗೆ ಪ್ರವೇಶ ಇಲ್ಲ. ಬಿಟ್ಟುಬಿಡಿ.

ಹೀಟ್ಸಿಂಗ್ ಇರುವ 13ನೇ ವಾರ್ಡಿನಲ್ಲೇ ವೆರ್ಕ್‌ಬುಂಡ್ ಬಡಾವಣೆ ಇದೆ, 1932ರದ್ದು. ಯೋಸೆಫ್ ಫ್ರಾಂಕ್ ಮುಂದೆ ನಿಂತು ಮಾಡಿಸಿದ 70 ಸಣ್ಣ ಮನೆಗಳು, ಹತ್ತಾರು ಆರ್ಕಿಟೆಕ್ಟ್‌ಗಳು, ಅದರಲ್ಲಿ ಲೋಸ್‌ನವು ನಾಲ್ಕು. ಬೀದಿಯಲ್ಲಿ ಓಡಾಡಬಹುದು. ಕಡಿಮೆ ಜಾಗದಲ್ಲಿ ಮನೆ ಹೇಗೆ ಕಟ್ಟುವುದು ಅನ್ನುವ ಕುತೂಹಲ ಇರುವವರಿಗೆ ಇದು ಶ್ಟೈನರ್ ಮನೆಗಿಂತ ಎಷ್ಟೋ ಉಪಯೋಗ. ಲೋಸ್ ಬರೀ ಶ್ರೀಮಂತರ ಆರ್ಕಿಟೆಕ್ಟ್ ಅಂದುಕೊಂಡವರೂ ಇಲ್ಲಿ ಹೋಗಬೇಕು. ಮೊದಲ ಮಹಾಯುದ್ಧ ಮುಗಿದು ಜನ ಸೂರಿಲ್ಲದೆ, ತಿನ್ನಲು ಇಲ್ಲದೆ ಊರ ಹೊರಗೆ ತಾವೇ ಮನೆ ಕಟ್ಟಿಕೊಳ್ಳುತ್ತಿದ್ದ ದಿನಗಳಲ್ಲಿ, 1921ರಿಂದ 1924ರ ತನಕ, ಆತ ವಿಯೆನ್ನಾ ನಗರದ ವಸತಿ ಕಚೇರಿಯ ಮುಖ್ಯ ಆರ್ಕಿಟೆಕ್ಟ್ ಆಗಿದ್ದ. ತರಕಾರಿ ಬೆಳೆಯುವ ತೋಟವನ್ನು ಮೊದಲು ಯೋಚಿಸಿ ಅದಕ್ಕೆ ತಕ್ಕ ಹಾಗೆ ಮನೆ ಯೋಚಿಸಬೇಕು ಅನ್ನುತ್ತಿದ್ದ. ಈ ಮಾತು ನನಗೆ ಆತನ ಎಲ್ಲಾ ಅಮೃತಶಿಲೆಗಿಂತ ಹತ್ತಿರ ಅನ್ನಿಸುತ್ತದೆ.

ಒಂದೇ ಕಟ್ಟಡ ನೋಡುವುದಾದರೆ: ಪ್ರಾಗ್‌ಗೆ ಹೋಗಿ

ವಿಯೆನ್ನಾದ ಆರ್ಕಿಟೆಕ್ಟ್ ನೋಡಲು ಪ್ರಾಗ್‌ಗೆ ಹೋಗಿ ಅಂದರೆ ವಿಚಿತ್ರ ಅನ್ನಿಸಬಹುದು. ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಆದರೂ ಹೇಳುತ್ತೇನೆ, ಇದ್ದ ಎಲ್ಲಾ ಆಯ್ಕೆಗಳಲ್ಲಿ ವಿಲ್ಲಾ ಮ್ಯುಲ್ಲರ್ ಮೊದಲನೆಯದು.

ಫ್ರಾಂಟಿಶೆಕ್ ಮ್ಯುಲ್ಲರ್ ಕಾಂಕ್ರೀಟ್ ಕೆಲಸದ ದೊಡ್ಡ ಕಂಪನಿಯ ಪಾಲುದಾರ. ಆತ ಮತ್ತು ಹೆಂಡತಿ ಮಿಲಾಡಾ ತಮಗಾಗಿ ಕಟ್ಟಿಸಿದ ಮನೆ ಇದು, 1928ರಿಂದ 1930ರ ನಡುವೆ. ಚೆಕ್ ಆರ್ಕಿಟೆಕ್ಟ್ ಕಾರೆಲ್ ಲ್ಹೋಟಾ ಜೊತೆಗಿದ್ದ. ಹೊರಗಿನಿಂದ ಬಿಳಿ ಡಬ್ಬ, ಹಳದಿ ಚೌಕಟ್ಟಿನ ಸಣ್ಣ ಕಿಟಕಿಗಳು, ಅಷ್ಟೆ. ಅನುಮತಿಗಾಗಿ ಇಲ್ಲಿಯೂ ಆಡಳಿತದವರ ಜೊತೆ ಮತ್ತೆ ಮತ್ತೆ ಜಗ್ಗಾಡಬೇಕಾಯಿತು.

ಒಳಗೆ ಹೋಗುವ ದಾರಿ ಕಿರಿದು, ಚಾವಣಿ ತಗ್ಗು. ಒಂದಿಷ್ಟು ಮೆಟ್ಟಿಲು ಹತ್ತಿ ತಿರುಗಿದ ಕೂಡಲೇ ನೀವು ದೊಡ್ಡ ಪಡಸಾಲೆಯಲ್ಲಿ ನಿಂತಿರುತ್ತೀರಿ, ಗೋಡೆಗೆ ಅದೇ ಹಸಿರು ಚಿಪೊಲ್ಲಿನೊ. ಪಡಸಾಲೆಯ ಒಂದು ಬದಿಯ ಗೋಡೆ ತೂತು ತೂತಾಗಿ ತೆರೆದುಕೊಂಡು ಅದರ ಹಿಂದೆ ಮೆಟ್ಟಿಲು ಹತ್ತುತ್ತಿರುವುದು ಕಾಣುತ್ತದೆ. ನಾಲ್ಕಾರು ಮೆಟ್ಟಿಲು ಮೇಲೆ ಊಟದ ಕೋಣೆ, ಅಲ್ಲಿ ಚಾವಣಿ ತಗ್ಗು, ಮಹಾಗನಿ, ನಡುವೆ ದುಂಡು ಮೇಜು. ಇನ್ನೊಂದು ಕಡೆ ತಿರುಗಿ ಹತ್ತಿದರೆ ಮಿಲಾಡಾ ಅವರ ಕೋಣೆ, ತಿಳಿ ಹಳದಿ ಮರದ್ದು. ಅಷ್ಟು ಚಿಕ್ಕ ಕೋಣೆಯೊಳಗೇ ಎರಡು ಮಟ್ಟ. ಅಲ್ಲೊಂದು ಒಳಕಿಟಕಿ ಇದೆ, ಅದರಿಂದ ಕೆಳಗಿನ ಪಡಸಾಲೆಗೆ ಯಾರು ಬಂದರು ಅಂತ ನೋಡಬಹುದು. ನಮ್ಮ ಹಳೇ ಮನೆಗಳಲ್ಲಿ ಅಟ್ಟದ ಕಿಂಡಿಯಿಂದ ಅಜ್ಜಿ ಇಣುಕುತ್ತಿದ್ದದ್ದು ನನಗೆ ನೆನಪಾಯಿತು.

ಯಾವ ಕೋಣೆಗೆ ಎಷ್ಟು ಎತ್ತರ ಬೇಕೋ ಅಷ್ಟೇ ಕೊಡುವುದು, ಉಳಿದ ಎತ್ತರವನ್ನು ಪಕ್ಕದ ಕೋಣೆಗೆ ಬಳಸುವುದು, ಹೀಗೆ ಪೆಟ್ಟಿಗೆಗಳನ್ನು ಒಂದರ ಪಕ್ಕ ಒಂದು, ಒಂದರ ಮೇಲೆ ಒಂದು ಹೊಂದಿಸುತ್ತಾ ಹೋಗುವುದು. ಇದಕ್ಕೆ ರೌಮ್‌ಪ್ಲಾನ್ ಅಂತ ಹೆಸರು, ಅದು ಪ್ರಚಾರಕ್ಕೆ ಬಂದದ್ದು ಲೋಸ್‌ನ ಶಿಷ್ಯ ಹೈನ್ರಿಖ್ ಕುಲ್ಕಾನಿಂದ. ದರ್ಜಿಗಳ ತಗ್ಗು ಚಾವಣಿ, ಇಸ್ತ್ರಿಯವರ ಎತ್ತರದ ಚಾವಣಿ ಅಂದೆನಲ್ಲ, ಆ ಯೋಚನೆ ಇಪ್ಪತ್ತು ವರ್ಷ ಹಣ್ಣಾಗಿ ಈ ಮನೆಯಾಗಿದೆ. ಎಷ್ಟು ಫೋಟೋ ನೋಡಿದರೂ ಇದು ತಿಳಿಯಲ್ಲ. ನಾನು ನಕ್ಷೆ ಓದಿಕೊಂಡೇ ಹೋಗಿದ್ದೆ, ಆದರೂ ಎರಡನೇ ತಿರುವಿನಲ್ಲಿ ಯಾವ ಮಹಡಿಯಲ್ಲಿದ್ದೇನೆ ಅನ್ನುವ ಲೆಕ್ಕ ತಪ್ಪಿತು. ಕಾಲಿನಲ್ಲೇ ಓದಬೇಕಾದ ಮನೆ ಇದು. ಸಣ್ಣ ಸೈಟಿನಲ್ಲಿ ಮನೆ ಕಟ್ಟಿಸುವ ಯೋಚನೆ ಇರುವವರು ಯಾರೇ ಆಗಲಿ, ಸಾಧ್ಯವಾದರೆ ಒಮ್ಮೆ ಈ ಮನೆಯೊಳಗೆ ನಡೆದು ಬನ್ನಿ.

ತಾರಸಿಯ ಕೊನೆಯಲ್ಲಿ ಒಂಟಿ ಗೋಡೆ ಒಂದಿದೆ, ಅದರಲ್ಲಿ ಕಿಟಕಿಯಂಥ ಒಂದು ತೆರಪು. ಅದರ ಮೂಲಕ ನೋಡಿದರೆ ಪ್ರಾಗ್‌ನ ದೊಡ್ಡ ಚರ್ಚಿನ ಗೋಪುರ ಚಿತ್ರದ ಹಾಗೆ ಕೂತಿರುತ್ತದೆ.

ಈ ಮನೆಯ ಮುಂದಿನ ಕಥೆ ಸುಖದ್ದಲ್ಲ. ಕಮ್ಯುನಿಸ್ಟ್ ಆಡಳಿತ ಬಂದ ಮೇಲೆ ಮನೆ ಕೈತಪ್ಪಿತು. ಮ್ಯುಲ್ಲರ್ 1951ರಲ್ಲಿ ತೀರಿಕೊಂಡರು, ಮಿಲಾಡಾ ತಮ್ಮದೇ ಮನೆಯ ಒಂದೆರಡು ಕೋಣೆಗಳಲ್ಲಿ 1968ರ ತನಕ, ಸಾಯುವವರೆಗೂ ಬದುಕಿದರು. 1995ರಲ್ಲಿ ಪ್ರಾಗ್ ನಗರ ಮನೆಯನ್ನು ಕೊಂಡು, ರಿಪೇರಿ ಮಾಡಿಸಿ, 2000ದಲ್ಲಿ ಜನರಿಗೆ ತೆರೆಯಿತು.

ಪಿಲ್ಸನ್ ಇದಕ್ಕೆ ಪೈಪೋಟಿ ಕೊಡುವ ಊರು. ಪ್ರಾಗ್‌ನಿಂದ ಒಂದೂವರೆ ಗಂಟೆ ರೈಲು. ಅಲ್ಲಿ ಲೋಸ್ ಪೂರ್ತಿ ಮನೆ ಕಟ್ಟಿದ್ದಕ್ಕಿಂತ ಇದ್ದ ಫ್ಲಾಟ್‌ಗಳ ಒಳಾಂಗಣ ಮಾಡಿದ್ದೇ ಜಾಸ್ತಿ. ಬ್ರುಮ್ಮೆಲ್ ಮನೆ, ಕ್ರೌಸ್ ಮತ್ತು ವೋಗ್ಲ್ ಕುಟುಂಬಗಳ ಫ್ಲಾಟ್‌ಗಳನ್ನು ಗೈಡ್ ಜೊತೆ ನೋಡಬಹುದು. ಎದುರುಬದುರು ಕನ್ನಡಿ, ಹಸಿರು ಅಮೃತಶಿಲೆ, ಗೋಡೆಗೇ ಕೂರಿಸಿದ ಕಪಾಟು. ಗೋಡೆಗೆ ಅಂಟಿದ್ದನ್ನು ಆರ್ಕಿಟೆಕ್ಟ್ ಮಾಡಬೇಕು, ಎತ್ತಿಡಬಹುದಾದ ಕುರ್ಚಿ ಮೇಜುಗಳನ್ನು ಮನೆಯವರೇ ತಮ್ಮಿಷ್ಟದಂತೆ ತಂದುಕೊಳ್ಳಬೇಕು ಅನ್ನುವುದು ಲೋಸ್ ನಂಬಿಕೆ. ಹೆಚ್ಚಿನವು ಯಹೂದಿ ಕುಟುಂಬಗಳ ಮನೆಗಳು. ಕೆಲವರು ದೇಶ ಬಿಟ್ಟು ಓಡಿದರು, ಹಲವರು ನಾಜಿಗಳ ಕೈಯಲ್ಲಿ ಸತ್ತರು. ಮಕ್ಕಳ ಕೋಣೆ ಇರಬೇಕಾದ ಜಾಗದಲ್ಲಿ ನಿಂತಾಗ ನನಗೆ ಅಮೃತಶಿಲೆಯ ಮೇಲೆ ಕಣ್ಣು ಹೋಗಲಿಲ್ಲ.

ಪ್ರಾಗ್, ಪಿಲ್ಸನ್ ಎರಡರಲ್ಲಿ ಒಂದೇ ಅಂದರೆ ಪ್ರಾಗ್. ಫ್ಲಾಟ್‌ಗಳಲ್ಲಿ ಸಾಮಗ್ರಿ ಇದೆ, ಮಟ್ಟಗಳ ಆಟ ಇಲ್ಲ. ಪ್ರಾಗ್‌ನ ಮನೆ ಆಗಲೇ ನೋಡಿದ್ದವರು ಪಿಲ್ಸನ್‌ಗೆ ಹೋಗಿ, ಆಗ ಅದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಅಪ್ಪ ಅಮ್ಮ, ಮಕ್ಕಳು ಜೊತೆಗಿದ್ದರೆ

ಆಗ ನನ್ನ ಉತ್ತರ ಬೇರೆ. ಗೈಡ್ ಹಿಂದೆ ಒಂದು ಗಂಟೆ, ಏನನ್ನೂ ಮುಟ್ಟಬೇಡ, ಕೂರಬೇಡ ಅಂದರೆ ಮಕ್ಕಳಿಗೂ ಹಿರಿಯರಿಗೂ ಕಷ್ಟ. ಅವರನ್ನು ಕರೆದುಕೊಂಡು ಪಾಯರ್‌ಬಾಖ್‌ಗೆ ಹೋಗಿ. ವಿಯೆನ್ನಾದಿಂದ ದಕ್ಷಿಣಕ್ಕೆ, ಸೆಮ್ಮರಿಂಗ್ ಬೆಟ್ಟದ ರೈಲುದಾರಿಯಲ್ಲಿ ಸಿಗುವ ಊರು. ಆ ದಾರಿಯೇ ಯುನೆಸ್ಕೊ ಪಟ್ಟಿಯಲ್ಲಿದೆ, ಕಿಟಕಿ ಪಕ್ಕ ಕೂತರೆ ಸಾಕು. ಸ್ಟೇಷನ್‌ನಿಂದ ಕ್ರೊಯಿಟ್ಸ್‌ಬೆರ್ಗ್ ಗುಡ್ಡದ ಮೇಲಕ್ಕೆ ಟ್ಯಾಕ್ಸಿ ಮಾಡಿ.

ಅಲ್ಲಿರುವುದು ಕೂನರ್ ಮನೆ. 1929-30ರಲ್ಲಿ, ಕೊಬ್ಬರಿಯಿಂದ ಅಡುಗೆ ಕೊಬ್ಬು ತಯಾರಿಸುತ್ತಿದ್ದ ಉದ್ಯಮಿ ಪೌಲ್ ಕೂನರ್ ರಜೆ ಕಳೆಯಲು ಕಟ್ಟಿಸಿದ್ದು. ಅಂದರೆ ಪ್ರಾಗ್‌ನ ಬಿಳಿ ಮನೆ ಏಳುತ್ತಿದ್ದಾಗಲೇ ಅದೇ ಕೈ ಇಲ್ಲಿ ಕಲ್ಲಿನ ಬುನಾದಿಯ ಮೇಲೆ ಮರದ ದಿಮ್ಮಿಗಳ ಮನೆ ಕಟ್ಟುತ್ತಿತ್ತು. ನೋಡಿದರೆ ಇಬ್ಬರು ಬೇರೆ ಬೇರೆ ಆರ್ಕಿಟೆಕ್ಟ್‌ಗಳ ಕೆಲಸ ಅನ್ನಬೇಕು! ಲೋಸ್‌ಗೆ ಬಿಳಿ ಗೋಡೆಯೇ ಬೇಕು ಅಂತೇನೂ ಇರಲಿಲ್ಲ. ಬೆಟ್ಟದಲ್ಲಿ ಕಟ್ಟುವಾಗ ಚಿತ್ರದ ಹಾಗೆ ಕಾಣಲಿ ಅಂತ ಕಟ್ಟಬೇಡಿ, ಅಂದವನ್ನು ಬೆಟ್ಟ ಮತ್ತು ಬಿಸಿಲು ನೋಡಿಕೊಳ್ಳುತ್ತವೆ ಅಂತ ಬಹಳ ಹಿಂದೆಯೇ ಬರೆದಿದ್ದ. ಒಳಗೆ ಎರಡು ಮಹಡಿ ಎತ್ತರದ ಪಡಸಾಲೆ, ಸುತ್ತ ಮೇಲೊಂದು ಮೊಗಸಾಲೆಯಂಥ ಓಡಾಟದ ಜಾಗ, ಅದರಿಂದ ಕೋಣೆಗಳಿಗೆ ಬಾಗಿಲು. ನಮ್ಮ ತೊಟ್ಟಿ ಮನೆಯ ನಡುವೆ ಚಾವಣಿ ಹಾಕಿ ಒಲೆ ಇಟ್ಟ ಹಾಗೆ. ದೊಡ್ಡ ಕಿಟಕಿಯಾಚೆ ಬೆಟ್ಟಗಳು.

ಈ ಮನೆ ಎಷ್ಟೋ ವರ್ಷಗಳಿಂದ ಹೋಟೆಲ್ ಮತ್ತು ಊಟದ ಜಾಗವಾಗಿ ನಡೆದುಬಂದಿದೆ. ಯಾವ ದಿನ ತೆರೆದಿರುತ್ತದೆ ಅಂತ ಮೊದಲೇ ಕೇಳಿಕೊಂಡು ಹೊರಡಿ. ರಾತ್ರಿ ಉಳಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಬೆಳಿಗ್ಗೆ ಎದ್ದು ಮೇಲಿನ ಕಟಕಟೆಗೆ ಒರಗಿ ನಿಂತು ಕೆಳಗೆ ಯಾರೋ ಕಾಫಿ ಕುಡಿಯುತ್ತಿರುವುದನ್ನು ನೋಡುವುದು, ಮರದ ವಾಸನೆ, ಮೆಟ್ಟಿಲಿನ ಸದ್ದು, ಇದು ಮ್ಯೂಸಿಯಂ ಆದ ಮನೆಯಲ್ಲಿ ಸಿಗಲ್ಲ. ಕಲಿಯಬೇಕು ಅಂದರೆ ಪ್ರಾಗ್, ಇರಬೇಕು ಅಂದರೆ ಕೂನರ್.

ಉಳಿದ ಚಿಲ್ಲರೆ ಆಯ್ಕೆಗಳು

ಕಾಫೆ ಮ್ಯೂಸಿಯಂ ಬಗ್ಗೆ ಎಚ್ಚರ ಹೇಳಬೇಕು. 1899ರಲ್ಲಿ ಲೋಸ್ ಅದನ್ನು ಎಷ್ಟು ಸರಳ ಮಾಡಿದ್ದ ಅಂದರೆ ಶೂನ್ಯವಾದದ ಕಾಫಿ ಅಂಗಡಿ ಅಂತ ಜನ ಕರೆದರು. ಆದರೆ ಈಗ ಒಳಗಿರುವ ಕೆಂಪು ಸೀಟಿನ ವಿನ್ಯಾಸ 1930ರ ದಶಕದ ಯೋಸೆಫ್ ಜೊಟ್ಟಿಯದು. ಕಾಫಿ ಕುಡಿಯಲು ಹೋಗಿ, ಲೋಸ್ ಹುಡುಕಲು ಬೇಡ. ಗ್ರಾಬೆನ್ ಬೀದಿಯ ಕ್ನೀಷೆ ಬಟ್ಟೆ ಅಂಗಡಿ ಅದಕ್ಕಿಂತ ಒಳ್ಳೆಯದು. ಮುಂಭಾಗ ಕಪ್ಪು ಗ್ರಾನೈಟಿನ ಕಿರಿದಾದ ಪಟ್ಟಿ, ಒಳಗೆ ಮೆಟ್ಟಿಲು ಸುತ್ತಿ ಹತ್ತಿದರೆ ಅಗಲವಾಗುತ್ತಾ ಹೋಗುವ ಮರದ ಕೋಣೆಗಳು. ಅಲ್ಲಿಯ ಬಟ್ಟೆ ಬಹಳ ದುಬಾರಿ, ಕೊಳ್ಳದೆ ಒಳಗೆ ಹೋಗಲು ನನಗೆ ಮುಜುಗರ ಆಯಿತು, ಆದರೂ ಕೇಳಿದೆ, ಮರ್ಯಾದೆಯಿಂದಲೇ ಬಿಟ್ಟರು.

ಇನ್ನೊಂದು ಆಯ್ಕೆ ಕಾರ್ಲ್ಸ್‌ಪ್ಲಾಟ್ಸ್‌ನ ವಿಯೆನ್ನಾ ಮ್ಯೂಸಿಯಂ. 2023ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಾಗ ಅಲ್ಲಿಯ ಶಾಶ್ವತ ಪ್ರದರ್ಶನಕ್ಕೆ ಟಿಕೆಟ್ ಇರಲಿಲ್ಲ. ಲೋಸ್ ತಾನು ವಾಸವಿದ್ದ ಮನೆಗೆ 1903ರಲ್ಲಿ ಮಾಡಿಕೊಂಡಿದ್ದ ನಡುಮನೆ ಈ ಮ್ಯೂಸಿಯಂ ಕೈಸೇರಿದೆ. ಇಟ್ಟಿಗೆಯ ಒಲೆ, ತಗ್ಗಿನ ಮೂಲೆ, ಮರದ ತೊಲೆ. ಮಳೆ ಬಂದ ದಿನಕ್ಕೆ ಒಳ್ಳೆಯದು.

ಹುಂಡರ್ಟ್‌ವಾಸರ್ ಅನ್ನುವ ಕಲಾವಿದ ಕಟ್ಟಿದ ಬಣ್ಣಬಣ್ಣದ ಮನೆ ಬಿಟ್ಟು ಇದನ್ನೆಲ್ಲ ಯಾಕೆ ನೋಡಬೇಕು ಅಂತ ಕೇಳುವವರಿದ್ದಾರೆ. ಹುಂಡರ್ಟ್‌ವಾಸರ್ 1968ರಲ್ಲಿ ಲೋಸ್ ವಿರುದ್ಧವೇ ಒಂದು ಘೋಷಣೆ ಹೊರಡಿಸಿದವನು, ನೇರ ಗೆರೆಯೇ ಆತನಿಗೆ ಆಗದು. ಎರಡನ್ನೂ ಒಂದೇ ದಿನ ನೋಡಿದರೆ ವಿಯೆನ್ನಾದ ಈ ಜಗಳ ಕಣ್ಣಿಗೇ ಕಾಣುತ್ತದೆ. ಅಲ್ಲಿಯೂ ಜನ ವಾಸ ಇದ್ದಾರೆ, ಒಳಗೆ ಬಿಡಲ್ಲ. ಆದರೆ ಅದು ಹೊರಗಿನಿಂದ ನೋಡಲೆಂದೇ ಮಾಡಿದ ಕಟ್ಟಡ, ಹಾಗಾಗಿ ನಷ್ಟ ಇಲ್ಲ.

ಹೊರಡುವ ಮುಂಚೆ ಗೊತ್ತಿರಬೇಕಾದದ್ದು

ಇದನ್ನು ಮುಚ್ಚಿಟ್ಟು ಶಿಫಾರಸು ಮಾಡಲು ನನ್ನಿಂದ ಆಗಲ್ಲ. 1928ರಲ್ಲಿ ಲೋಸ್‌ನನ್ನು ಬಂಧಿಸಲಾಯಿತು. ಎಂಟರಿಂದ ಹತ್ತು ವರ್ಷದ, ಬಡ ಮನೆಯ ಹುಡುಗಿಯರನ್ನು ಚಿತ್ರಕ್ಕೆ ಮಾದರಿಯಾಗಲು ಕರೆಸಿ ಲೈಂಗಿಕ ದೌರ್ಜನ್ಯ ಎಸಗಿದ ಅನ್ನುವುದು ಆರೋಪ. ಕೋರ್ಟ್ ಆರೋಪಗಳಲ್ಲಿ ಕೆಲವನ್ನು ಒಪ್ಪಿ ಶಿಕ್ಷೆ ಕೊಟ್ಟಿತು, ಆದರೆ ಅದನ್ನು ಅಮಾನತಿನಲ್ಲಿ ಇಟ್ಟಿತು. ಹೆಸರಾಂತ ಗೆಳೆಯರು ಆತನ ಪರ ನಿಂತರು. ಹುಡುಗಿಯರ ಪರ ನಿಂತವರ ಹೆಸರು ಯಾರಿಗೂ ನೆನಪಿಲ್ಲ. ಪ್ರಾಗ್ ಮನೆಯ ಕೆಲಸ ಶುರುವಾದದ್ದೂ ಅದೇ ವರ್ಷ. ಇದು ತಿಳಿದ ಮೇಲೆ ನಾನು ನೋಡಲು ಹೋಗಲ್ಲ ಅಂದ ಗೆಳತಿ ಒಬ್ಬಳಿದ್ದಾಳೆ. ಅವಳ ನಿರ್ಧಾರ ಸರಿಯಾಗಿದೆ. ನಾನು ಹೋದೆ, ಆದರೆ ಆ ಹುಡುಗಿಯರನ್ನು ಮರೆತು ನೋಡಲಿಲ್ಲ. ಆತನ ಹೆಸರು ಎತ್ತುವಾಗ ಈ ವಿಷಯವನ್ನೂ ಎತ್ತಬೇಕು ಅಂತ ಅಂದಿನಿಂದ ಇಟ್ಟುಕೊಂಡಿದ್ದೇನೆ.

1933ರ ಆಗಸ್ಟ್ 23ರಂದು, ವಿಯೆನ್ನಾ ಹತ್ತಿರದ ಕಾಲ್ಕ್ಸ್‌ಬುರ್ಗ್ ಆಸ್ಪತ್ರೆಯಲ್ಲಿ ಲೋಸ್ ತೀರಿಕೊಂಡ. ನಗರದ ದೊಡ್ಡ ಸ್ಮಶಾನದಲ್ಲಿ ಆತನ ಸಮಾಧಿ ಇದೆ, ತಾನೇ ಬರೆದಿಟ್ಟ ನಕ್ಷೆಯಂತೆ ಒಂದು ಬರೀ ಕಲ್ಲಿನ ಚೌಕ. ಅದಕ್ಕಾಗಿಯೇ ಅಷ್ಟು ದೂರ ಹೋಗುವುದು ಬೇಡ.

ಇನ್ನು ಬುಕಿಂಗ್. ಪ್ರಾಗ್‌ನ ಮನೆಗೆ ಹೇಳದೆ ಕೇಳದೆ ಹೋದರೆ ಪ್ರವೇಶ ಇಲ್ಲ, ಸಣ್ಣ ಗುಂಪುಗಳನ್ನು ಮಾತ್ರ, ನಿಗದಿ ಹೊತ್ತಿಗೆ, ಗೈಡ್ ಜೊತೆ ಬಿಡುತ್ತಾರೆ. ಪಿಲ್ಸನ್‌ನಲ್ಲೂ ಹಾಗೇ. ಎಲ್ಲರೂ ವಿಮಾನ ಮತ್ತು ಹೋಟೆಲ್ ಮೊದಲು ಬುಕ್ ಮಾಡಿ ಆಮೇಲೆ ಇದನ್ನು ಹುಡುಕುತ್ತಾರೆ, ಅಷ್ಟರಲ್ಲಿ ಜಾಗ ತುಂಬಿರುತ್ತದೆ. ನೀವು ತಿರುಗಿಸಿ ಮಾಡಿ. ಮೊದಲು ಮ್ಯುಲ್ಲರ್ ಮನೆಯ ದಿನ ಗೊತ್ತುಮಾಡಿಕೊಳ್ಳಿ, ಆ ದಿನದ ಸುತ್ತ ರೈಲು, ಆಮೇಲೆ ಹೋಟೆಲ್. ಬಾರಿಗೆ ಬುಕಿಂಗ್ ಬೇಡ, ವಿಯೆನ್ನಾಕ್ಕೆ ಇಳಿದ ಮೊದಲ ಮಧ್ಯಾಹ್ನವೇ ಹೋಗಿ ಕೂತುಬಿಡಿ.